ಎರಡನೆಯ ಏಟು

ಠಾಣೆಯಲ್ಲಿ ಅವಳನ್ನು ಎಲ್ಲರೂ ಕುಕ್ಕರಮ್ಮ ಅಂತಲೇ ಕರೆಯುವುದು. ಪೇದೆಯಾಗಿ ಸೇರಿದ ಮೊದಲ ತಿಂಗಳು, ಬೆಳಗಿನ ಹಾಜರಿಗೆ ಸಾಲಾಗಿ ನಿಂತಿದ್ದಾಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಗಂಡನದು. ಒಲೆಯ ಮೇಲಿಟ್ಟ ಕುಕ್ಕರು ಎಷ್ಟು ಸಲ ಕೂಗಿದ ಮೇಲೆ ಆರಿಸಬೇಕು ಅಂತ ಕೇಳಲು ಮಾಡಿದ್ದು. ತುಟಿ ಅಲುಗಿಸದೆ ‘ನಾಲ್ಕು’ ಅಂದಳು. ಇಡೀ ಸಾಲಿಗೆ ಕೇಳಿಸಿತು. ಹದಿನೆಂಟು ವರ್ಷವಾಯಿತು. ಹೆಸರೂ ಹೋಗಲಿಲ್ಲ, ಗಂಡ ಕೇಳುವುದೂ ನಿಲ್ಲಲಿಲ್ಲ. ಬೀಗ ರಿಪೇರಿಯ ಅಂಗಡಿ ಅವನದು. ಊರಿನವರ ಬೀಗವನ್ನೆಲ್ಲ ಕಡ್ಡಿ ಹಾಕಿ ತೆಗೆಯುತ್ತಾನೆ, ಮನೆಯಲ್ಲಿ ಬೇಳೆ ಇರುವ ಡಬ್ಬಿ ಯಾವುದು ಅಂತ ಮಾತ್ರ ಇನ್ನೂ ಪತ್ತೆಯಾಗಿಲ್ಲ.

ಅವಳು ನಾಲ್ಕೂವರೆಗೆ ಏಳುತ್ತಾಳೆ. ಅಷ್ಟು ಹೊತ್ತಿಗೆ ಅತ್ತೆ ಅಡಿಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ತರಕಾರಿ ಹೆಚ್ಚುತ್ತಿರುತ್ತಾರೆ. ಇಬ್ಬರಿಗೂ ಮಾತು ಬೇಕಾಗುವುದಿಲ್ಲ. ಒಬ್ಬರು ಹೆಚ್ಚಿದ್ದು ಇನ್ನೊಬ್ಬರ ಬಾಣಲೆಗೆ ಬೀಳುತ್ತದೆ. ಏಳಕ್ಕೆಲ್ಲ ಮಗಳ ಡಬ್ಬಿ, ಗಂಡನ ಡಬ್ಬಿ, ತನ್ನ ಡಬ್ಬಿ ಸಿದ್ಧ. ಆಮೇಲೆ ಮೂವರ ಬಟ್ಟೆಗೆ ಇಸ್ತ್ರಿ. ಸರ್ಕಾರ ಅವಳ ಕೈಗೆ ಲಾಠಿ ಕೊಟ್ಟಿತೇ ಹೊರತು ಸೌಟನ್ನು ಇಸಿದುಕೊಳ್ಳಲಿಲ್ಲ. ಠಾಣೆಯಲ್ಲೂ ಅಷ್ಟೇ. ದೊಡ್ಡ ಅಧಿಕಾರಿಗಳು ಬಂದರೆ ಚಹಾ ಸೋಸುವವಳು ಅವಳು, ಲಾಕಪ್ಪಿನಲ್ಲಿರುವ ತಾಯಿಯ ಮಗು ಅತ್ತರೆ ಎತ್ತಿಕೊಳ್ಳುವವಳು ಅವಳು. ಎಲ್ಲೋ ‘ಹೆಂಗಸರ ಗಲಾಟೆ’ ಅಂತ ಫೋನು ಬಂದ ದಿನ ಮಾತ್ರ ತಲೆಗೆ ಟೊಪ್ಪಿ, ಕೈಗೆ ಲಾಠಿ.

ಆ ದಿನವೂ ಅಂಥದೇ ಫೋನು ಬಂತು. ದೊಡ್ಡ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಬಟ್ಟೆಮನೆಯ ಹೆಂಗಸರು ಕೂತುಬಿಟ್ಟಿದ್ದರು. ಸುಮಾರು ಮೂವತ್ತು ಜನ. ಆಸ್ಪತ್ರೆಯ ಹಾಸು, ಹೊದಿಕೆ, ಆಪರೇಷನ್ ಕೋಣೆಯ ಬಟ್ಟೆ ಎಲ್ಲ ಒಗೆದು ಒಣಗಿಸಿ ಮಡಿಸಿ ಕಳಿಸುವವರು. ಕೊಳೆ ಬಟ್ಟೆಯ ಗಂಟಿನಲ್ಲಿ ಮರೆತು ಬಿಟ್ಟ ಸೂಜಿಗಳು ಬರುತ್ತಿದ್ದವು, ಬೆರಳಿಗೆ ಚುಚ್ಚುತ್ತಿದ್ದವು. ನಾಲ್ಕು ತಿಂಗಳಿಂದ ಅವರು ಕೇಳುತ್ತಿದ್ದದ್ದು ದಪ್ಪ ಕೈಗವಸು. ನಾಲ್ಕು ತಿಂಗಳಿಂದ ಬಂದದ್ದು ‘ನೋಡೋಣ’ ಅನ್ನುವ ಮಾತು. ಆ ಬೆಳಿಗ್ಗೆ ಬಟ್ಟೆ ಸಾಗಿಸುವ ವ್ಯಾನಿನ ಮುಂದೆ ಕೂತರು. ಮಧ್ಯಾಹ್ನದ ಹೊತ್ತಿಗೆ ವಾರ್ಡುಗಳಲ್ಲಿ ಹಾಸು ಮುಗಿಯಿತು. ಆಡಳಿತದವರು ಠಾಣೆಗೆ ಹೇಳಿದರು.

ಆರು ಜನ ಮಹಿಳಾ ಪೇದೆಗಳನ್ನು ಕರೆದುಕೊಂಡು ಹೋದದ್ದು ಹೊಸ ಎಸ್ಸೈ. ಮೀಸೆ ಇನ್ನೂ ಅವನ ಮಾತು ಕೇಳುತ್ತಿರಲಿಲ್ಲ, ಹೆಂಗಸರು ಹೇಗೆ ಕೇಳಬೇಕು. ಅದೇ ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಜಾಸ್ತಿಯಾಯಿತು ಅಂತ ಎಲ್ಲರೆದುರು ಕುಕ್ಕರಮ್ಮನ ಮೇಲೆ ರೇಗಿದ್ದ. ಪೇದೆಗಳನ್ನು ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿಕೊಂಡು ಹೆಂಗಸರ ಜೊತೆ ಮಾತಾಡಿದ. ಕೊನೆಗೆ ಕೈಗಡಿಯಾರ ನೋಡಿ, “ಎಬ್ಬಿಸಿ” ಅಂದ. ಎಬ್ಬಿಸುವುದು ಅಂದರೆ ಎಷ್ಟು ಅಂತ ಅವನು ಹೇಳಲಿಲ್ಲ, ಆರು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಎಬ್ಬಿಸಿಕೊಳ್ಳಬಾರದು ಅಂತ ಕೂತ ಹೆಂಗಸನ್ನು ಎಬ್ಬಿಸುವುದು, ನೆನೆದ ಹಾಸಿಗೆ ಎತ್ತಿದ ಹಾಗೆ. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜೋತು ಬೀಳುತ್ತದೆ. ತರಬೇತಿಯಲ್ಲಿ ಅವಳಿಗೆ ಕಲಿಸಿದ್ದ ನಿಯಮ, ಹೊಡೆಯಲೇಬೇಕಾಗಿ ಬಂದರೆ ಸೊಂಟದ ಕೆಳಗೆ ಹೊಡಿ ಅಂತ. ಮೈದಾನದಲ್ಲಿ ಅದನ್ನು ಕಲಿಸಿದ್ದು ನಿಂತ ಗೊಂಬೆಗಳ ಮೇಲೆ. ಕೂತವರ ಸೊಂಟದ ಕೆಳಗೆ ನೆಲ ಮಾತ್ರ ಇರುತ್ತದೆ. ಅಲ್ಲಿ ಲಾಠಿ ಬೀಸುವ ಎತ್ತರದಲ್ಲಿ ಇದ್ದದ್ದು ಬರೀ ತಲೆ, ಭುಜ, ಕೈ.

ನಡುವಯಸ್ಸು ದಾಟಿದ ಒಬ್ಬಾಕೆಯನ್ನು ಕುಕ್ಕರಮ್ಮ ತೋಳು ಹಿಡಿದು ಎಳೆದಳು. ಆಕೆ ಎಳೆತಕ್ಕೆ ಸಿಕ್ಕದಿರಲು ಇವಳ ಎಡಗಾಲನ್ನೇ ತಬ್ಬಿ ಹಿಡಿದಳು. ಇವಳು ಮುಗ್ಗರಿಸಿದಳು, ಟೊಪ್ಪಿ ಬಿತ್ತು, ಯಾರೋ ನಕ್ಕರು. ಲಾಠಿ ಬೀಸಿದಳು. ಏಟು ಕಾಲು ಹಿಡಿದಿದ್ದ ಕೈಯ ಬೆರಳ ಗೆಣ್ಣಿಗೆ ಬಿತ್ತು. ಕೈ ಬಿಟ್ಟುಹೋಯಿತು. ಆಕೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಮುದುಡಿದಳು. ಆಗ ಎರಡನೆಯದು. ಬಲಗೈಯ ಮಣಿಕಟ್ಟು. ಮೂಳೆ ಹೋದದ್ದು ಕುಕ್ಕರಮ್ಮನಿಗೆ ಕಿವಿಯಲ್ಲಿ ಕೇಳಲಿಲ್ಲ. ಲಾಠಿಯ ಮೂಲಕ ಅವಳ ಅಂಗೈಗೇ ತಿಳಿಯಿತು.

ಹತ್ತು ನಿಮಿಷದಲ್ಲಿ ವ್ಯಾನು ಒಳಗೆ ಹೋಯಿತು.

ಠಾಣೆಯ ದಾಖಲೆ ಬರೆಯುವ ರೈಟರು ಸಂಜೆಯೊಳಗೆ ಎಲ್ಲವನ್ನೂ ಕಾಗದದ ಮೇಲೆ ನೆಟ್ಟಗೆ ಮಾಡಿದರು. ಹೆಂಗಸರು ಕಲ್ಲು ತೂರಿದರು, ಪೊಲೀಸರು ಅಗತ್ಯವಿದ್ದಷ್ಟೇ ಬಲ ಬಳಸಿದರು, ಮೊದಲನೇ ಆರೋಪಿ ನೂಕುನುಗ್ಗಲಿನಲ್ಲಿ ಬಿದ್ದು ಕೈ ಮುರಿದುಕೊಂಡಳು. ಮೂವತ್ತು ಜನರಲ್ಲಿ ಆಕೆಯೇ ಯಾಕೆ ಮೊದಲನೇ ಆರೋಪಿ ಅಂದರೆ, ಮುರಿದದ್ದು ಆಕೆಯ ಮೂಳೆ. ಮುರಿದ ಮೂಳೆಗೆ ಕಾರಣ ಬೇಕಲ್ಲ. ಕಲ್ಲು ಹಿಡಿದ ಕೈ ಅಂತಾದರೆ ಯಾರೂ ಹೆಚ್ಚು ಕೇಳುವುದಿಲ್ಲ. ಕಲ್ಲೆಸೆದ ಕೇಸು ನಿಂತರೆ ಆಕೆಯ ಕೆಲಸ ಹೋಗುತ್ತದೆ, ಅದೂ ಎಲ್ಲರಿಗೂ ಗೊತ್ತಿತ್ತು.

ಆರೋಪಿ ಆಸ್ಪತ್ರೆಯಲ್ಲಿದ್ದರೆ ಹಾಸಿಗೆಯ ಪಕ್ಕ ಪಹರೆ ಇರಬೇಕು, ಆರೋಪಿ ಹೆಂಗಸಾದರೆ ಪಹರೆಯೂ ಹೆಂಗಸಿನದೇ. ರೈಟರು ಡ್ಯೂಟಿ ಪಟ್ಟಿಯಲ್ಲಿ ಕಣ್ಣು ಮುಚ್ಚಿ ಬರೆದರು: ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕು, ಕುಕ್ಕರಮ್ಮ. ಬೇಡ ಅನ್ನಲು ಬಾಯಿ ತೆರೆದಳು. ಬೇಡ ಅಂದರೆ ಯಾಕೆ ಅಂತ ಹೇಳಬೇಕಾಗುತ್ತದೆ. ಬಾಯಿ ಮುಚ್ಚಿದಳು.

ಮೂಳೆ ವಾರ್ಡು ಮೂರನೇ ಮಹಡಿ. ಕಬ್ಬಿಣದ ಸ್ಟೂಲು ಕೊಟ್ಟಿದ್ದರು, ಅದರ ಮೇಲೆ ಅವಳಿಗೆ ಐದು ನಿಮಿಷ ಕೂರಲಾಗಲಿಲ್ಲ. ಕೂತರೆ ಕಾಲು ತಾನಾಗಿ ಅಲ್ಲಾಡುತ್ತಿತ್ತು. ಎದ್ದು ಕಿಟಕಿಗೆ ಹೋದರೆ ಕೆಳಗೆ ಹಿಂದಿನ ಗೇಟೇ ಕಾಣುತ್ತಿತ್ತು. ಬಾಗಿಲಿಗೆ ಹೋದಳು, ಹಾಸಿಗೆ ಎಣಿಸಿದಳು, ನೀರು ಕುಡಿದಳು, ಮನೆಗೆ ಫೋನು ಮಾಡಿ ಒಲೆ ಆರಿಸಿದ್ದೀರಾ ಅಂತ ಅತ್ತೆಯನ್ನು ಎರಡು ಸಲ ಕೇಳಿದಳು. ಎರಡನೇ ಸಲ ಅತ್ತೆ, ಮನೆ ಸುಟ್ಟರೆ ನಾನೇ ಫೋನು ಮಾಡ್ತೀನಿ ಅಂತ ಇಟ್ಟುಬಿಟ್ಟರು.

ಬಟ್ಟೆಮನೆಯಾಕೆ ಕಣ್ಣು ಮುಚ್ಚಿ ಮಲಗಿದ್ದಳು. ಮೊಣಕೈವರೆಗೆ ಪ್ಲಾಸ್ಟರು. ಬಟ್ಟೆಮನೆಯಲ್ಲಿ ಆಕೆಯದು ಬಿಸಿ ರೋಲರಿನ ಕೆಲಸ, ಒದ್ದೆ ಹಾಸಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಸುಕ್ಕಿಲ್ಲದೆ ಒಳಗೆ ಬಿಡುವುದು. ಮನೆಯಲ್ಲಿ ಸೊಸೆ ಹೆತ್ತು ಇಪ್ಪತ್ತು ದಿನವಾಗಿತ್ತು. ಮಗುವಿಗೆ ಸ್ನಾನ ಮಾಡಿಸುವುದು, ಸೊಸೆಗೆ ನೀರು ಕಾಯಿಸುವುದು, ಬಟ್ಟೆ ಒಗೆಯುವುದು, ಎಲ್ಲ ಆ ಎರಡು ಕೈಯ ಕೆಲಸ. ಇದನ್ನೆಲ್ಲ ಆಕೆ ಪೊಲೀಸಿನವಳಿಗೆ ಹೇಳಲಿಲ್ಲ. ಪಕ್ಕದ ಹಾಸಿಗೆಯವಳಿಗೆ ಹೇಳುವಾಗ ಪೊಲೀಸಿನವಳ ಕಿವಿ ಅಲ್ಲೇ ಇತ್ತು. ಮಧ್ಯಾಹ್ನ ಮಗ ಬಂದ. ಹತ್ತು ನಿಮಿಷ ನಿಂತ. ಹೊರಡುವಾಗ, ಅಮ್ಮಾ ಅಕ್ಕಿ ಯಾವ ಡಬ್ಬೀಲಿದೆ ಅಂತ ಕೇಳಿದ. ಕುಕ್ಕರಮ್ಮ ನಗು ಬಂದು ಕಿಟಕಿಯ ಕಡೆಗೆ ತಿರುಗಿದಳು.

ಪಹರೆಯವರು ಆರೋಪಿಯ ಆರೈಕೆ ಮಾಡಬೇಕು ಅಂತ ಯಾವ ನಿಯಮವೂ ಇಲ್ಲ. ಆದರೆ ವಾರ್ಡಿಗೆಲ್ಲ ಇದ್ದ ಆಯಾ ಒಬ್ಬಳೇ, ಬಚ್ಚಲಿಗೆ ಹೋಗಿ ಬಂದ ಮೇಲೆ ಲಂಗದ ಲಾಡಿಯನ್ನು ಒಂದು ಕೈಯಲ್ಲಿ ಕಟ್ಟಲು ಯಾವ ಹೆಂಗಸಿಗೂ ಬರುವುದಿಲ್ಲ. ಬಚ್ಚಲ ಬಾಗಿಲಲ್ಲಿ ಆಕೆ ಲಾಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒದ್ದಾಡುವುದನ್ನು ಕುಕ್ಕರಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೋಗಿ ಕಟ್ಟಿದಳು. ಕಟ್ಟಿದ ಮೇಲೆ ತಲೆ ಬಾಚಿದಳು. ಅನ್ನ ಕಲಸಿ ತಟ್ಟೆಯನ್ನು ಎಡಗೈ ಕಡೆಗೆ ಇಟ್ಟಳು. ರವಿಕೆ ಬದಲಾಯಿಸುವಾಗ ಬಲ ಭುಜದ ಹಿಂದೆ ಎರಡು ಬೆರಳಗಲದ ನೀಲಿ ಪಟ್ಟೆ ಕಂಡಿತು. ಆವತ್ತು ನಾವು ಆರು ಜನ ಇದ್ದೆವು, ಅಂದುಕೊಂಡು ಗುಂಡಿ ಹಾಕಿದಳು.

ಎರಡನೇ ದಿನ ಮಧ್ಯಾಹ್ನ, ಲಾಡಿ ಕಟ್ಟಿಸಿಕೊಳ್ಳುತ್ತ ಬಟ್ಟೆಮನೆಯಾಕೆ ಮೊದಲ ಸಲ ನೇರವಾಗಿ ಮಾತಾಡಿದಳು.

“ಬೂಟಿನ ಲೇಸು ಬದಲಾಯಿಸು. ಒಂದು ಕರೀದು, ಒಂದು ಕಂದು.”

ಕುಕ್ಕರಮ್ಮನ ಕೈ ಗಂಟಿನ ಮೇಲೆ ನಿಂತಿತು.

“ನಿನ್ನೆ ನೀನು ಒಳಗೆ ಬಂದಾಗಲೇ ಗೊತ್ತಾಯ್ತು,” ಅಂದಳು ಆಕೆ. “ನಿನ್ನ ಮುಖ ನಾನು ನೋಡಿರ್ಲಿಲ್ಲ. ಕಾಲು ನೋಡಿದ್ದೆ.”

“ಮತ್ತೆ ಯಾಕೆ ಸುಮ್ಮನಿದ್ರಿ?”

“ಹೇಳಿದ್ದಿದ್ರೆ ಲಾಡಿ ಯಾರು ಕಟ್ತಿದ್ರು?”

ಅಷ್ಟು ಹೇಳಿ ಗೋಡೆ ಹಿಡಿದುಕೊಂಡು ಹಾಸಿಗೆಗೆ ಹೋದಳು. ಕುಕ್ಕರಮ್ಮ ನಾಲ್ಕು ಗಂಟೆಯವರೆಗೆ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹದಿನೆಂಟು ವರ್ಷದಲ್ಲಿ ಬೈಸಿಕೊಂಡು ಅಭ್ಯಾಸವಾಗಿತ್ತು.

ಮನೆಯಲ್ಲಿ ಆ ಸಂಜೆ ಬಟಾಣಿ ಸುಲಿಯುತ್ತ ಕೂತಾಗ ಹೇಳಿಬಿಟ್ಟಳು. ಗಂಡ ಟಿವಿಯ ಸದ್ದು ತಗ್ಗಿಸಿದ, ಅದು ಅವನ ಮಟ್ಟಿಗೆ ದೊಡ್ಡ ಕಾಳಜಿ. ಆರ್ಡರು ಕೊಟ್ಟವನು ಎಸ್ಸೈ, ನಿನಗೇನು ಅಂದ. ಹೆಡ್ ಕಾನ್‌ಸ್ಟೇಬಲ್ ಬಡ್ತಿ ಪಟ್ಟಿಯಲ್ಲಿ ಈ ಸಲ ನಿನ್ನ ಹೆಸರಿದೆ, ರೈಟರು ಬರೆದದ್ದಕ್ಕೆ ಸಹಿ ಹಾಕಿ ಕೈ ತೊಳೆದುಕೋ, ಇಡೀ ಗುಂಪು ಹೊಡೆದದ್ದನ್ನು ನೀನೊಬ್ಬಳೇ ತಲೆ ಮೇಲೆ ಹಾಕಿಕೊಳ್ಳುವುದು ಯಾವ ಸೀಮೆ ಬುದ್ಧಿವಂತಿಕೆ ಅಂತ ಕೇಳಿದ. ಅವನು ಹೇಳಿದ ಒಂದೊಂದು ಮಾತನ್ನೂ ಅವಳು ಆಗಲೇ ತನಗೆ ತಾನೇ ಹೇಳಿಕೊಂಡಾಗಿತ್ತು. ಬಿಸಿಲು. ನಿದ್ದೆಗೆಟ್ಟ ಕಣ್ಣು. ಬಿದ್ದ ಟೊಪ್ಪಿ. ಕಾಲು ಹಿಡಿದರೆ ಎಂಥವರಿಗೂ ದಿಗಿಲಾಗುತ್ತದೆ. ಇವೆಲ್ಲ ಮೊದಲನೇ ಏಟಿಗೆ ಹೇಗೋ ಸಾಲುತ್ತಿದ್ದವು. ಎರಡನೆಯದರ ಹತ್ತಿರ ಬಂದಾಗ ಒಂದೂ ಉಳಿಯುತ್ತಿರಲಿಲ್ಲ.

“ಆಕೆ ಕಾಲು ಬಿಟ್ಟ ಮೇಲೂ ಹೊಡೆದೆಯಾ?” ಅತ್ತೆ ಕೇಳಿದರು.

“ಕೈ ತಪ್ತು ಅತ್ತೆ.”

ಅತ್ತೆ ಸಿಪ್ಪೆಯನ್ನು ಒಂದು ಕಡೆ ಸರಿಸಿದರು. “ನಿಮ್ಮ ಮಾವನೂ ಹಾಗೇ ಅಂತಿದ್ರು, ಕೈ ತಪ್ತು ಅಂತ. ಮೂವತ್ತು ವರ್ಷ ನನ್ನ ಮೇಲೆ ತಪ್ತು. ಅವರ ಸಾಹೇಬರ ಮುಂದೆ ಒಂದು ದಿನಾನೂ ತಪ್ಪಲಿಲ್ಲ.”

ಗಂಡ ಟಿವಿಯ ಸದ್ದು ಏರಿಸಿದ. ಅಪ್ಪನ ಸುದ್ದಿ ಬಂದಾಗ ಅವನು ಯಾವಾಗಲೂ ಹಾಗೆ ಮಾಡುತ್ತಾನೆ. ಕುಕ್ಕರಮ್ಮನಿಗೆ ನೆನಪಾದದ್ದು ಸಕ್ಕರೆ ಹೆಚ್ಚಾದ ಚಹಾ. ಎಸ್ಸೈ ರೇಗುತ್ತಿದ್ದಾಗ ಅವಳ ಕೈಯಲ್ಲಿ ತಟ್ಟೆ ಇತ್ತು, ತಟ್ಟೆಯಲ್ಲಿ ಎಂಟು ಲೋಟ. ಒಂದು ತೊಟ್ಟೂ ತುಳುಕಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ರೈಟರು ತಾವೇ ವಾರ್ಡಿಗೆ ಬಂದರು. ಬಗಲಲ್ಲಿ ಕಡತ, ಕೈಯಲ್ಲಿ ಪಕ್ಕದ ಅಂಗಡಿಯ ಬಾಳೆಹಣ್ಣು. ಬಾಳೆಹಣ್ಣು ಯಾರಿಗೆ ಅಂತ ಅವರಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ, ಕಿಟಕಿಯ ಮೇಲಿಟ್ಟರು. ಸಂಜೆ ಕಾಗದ ಕೋರ್ಟಿಗೆ ಹೋಗಬೇಕು ಅಂದರು. ಐದು ಜನರ ಹೇಳಿಕೆ ಆಗಿದೆ, ಸಹಿಯೂ ಆಗಿದೆ, ಆರನೆಯದು ಮಾತ್ರ ಬಾಕಿ. ಟೈಪು ಮಾಡಿದ ಹಾಳೆಯನ್ನು ಅವಳು ಓದಿದಳು. ಕಲ್ಲು ಇತ್ತು, ನೂಕುನುಗ್ಗಲು ಇತ್ತು, ಅವಳು ಎಲ್ಲೋ ಗೇಟಿನ ಇನ್ನೊಂದು ಬದಿಯಲ್ಲಿ ನಿಂತಿದ್ದಳು.

ಬಿಳಿ ಹಾಳೆ ಇದೆಯಾ ಅಂತ ಕೇಳಿದಳು.

ರೈಟರು ಅವಳನ್ನು ಕಾರಿಡಾರಿಗೆ ಕರೆದುಕೊಂಡು ಹೋದರು. ಕೆಟ್ಟ ಮನುಷ್ಯನಲ್ಲ. ಅವಳು ಮಗಳನ್ನು ಹೆತ್ತಾಗ ರಜೆ ಸಿಗದೆ ಹೋದದ್ದಕ್ಕೆ ಹಾಜರಿ ಪುಸ್ತಕದಲ್ಲಿ ಕಣ್ಣು ತಪ್ಪಿಸಿದ್ದವರು ಅವರೇ, ಆ ಮಗಳಿಗೆ ಈಗ ಹದಿನಾರು. ತಗ್ಗಿದ ದನಿಯಲ್ಲಿ ಹೇಳಿದರು: “ನೋಡಮ್ಮ, ನೀನೊಬ್ಬಳು ನಿಜ ಹೇಳಿದ್ರೆ ಉಳಿದ ಐದು ಜನ ಸುಳ್ಳಿಯರಾಗ್ತಾರೆ. ಅವರಿಗೂ ಮಕ್ಕಳಿದ್ದಾರೆ.”

“ಆಕೆಗೂ ಮೊಮ್ಮಗು ಇದೆ ಸಾರ್. ಇಪ್ಪತ್ತೆರಡು ದಿನದ್ದು.”

ರೈಟರು ಕಡತದಿಂದ ಎರಡು ಬಿಳಿ ಹಾಳೆ ತೆಗೆದು ಕೊಟ್ಟು, ಅರ್ಧ ಗಂಟೆ, ಚಹಾ ಕುಡಿದು ಬರ್ತೀನಿ, ಅಷ್ಟರೊಳಗೆ ತಲೆ ತಣ್ಣಗಾದ್ರೆ ಟೈಪಾಗಿರೋದಕ್ಕೇ ಸಹಿ ಹಾಕು ಅಂತ ಹೇಳಿ ಮೆಟ್ಟಿಲಿಳಿದರು.

ಹಾಸಿಗೆ ಪಕ್ಕದ ಕಪಾಟಿನ ಮೇಲೆ ಹಾಳೆ ಇಟ್ಟು, ನಿಂತುಕೊಂಡೇ ಬರೆದಳು. ಸ್ಟೂಲಿನ ಮೇಲೆ ಕೂತರೆ ಕಪಾಟು ಎತ್ತರವಾಗುತ್ತಿತ್ತು, ಕೂರಲು ಆಗುತ್ತಲೂ ಇರಲಿಲ್ಲ. ನಾಲ್ಕು ಸಾಲಿಗೆ ಒಂದು ಸಲ ಪೆನ್ನು ಕೆಳಗಿಟ್ಟು ಕಿಟಕಿಗೆ ಹೋಗಿ ಬರುತ್ತಿದ್ದಳು. ಆಕೆಯ ಕೈಯಲ್ಲಿ ಕಲ್ಲಿರಲಿಲ್ಲ ಅಂತ ಬರೆದಳು. ಕಾಲು ಹಿಡಿದದ್ದನ್ನೂ ಬರೆದಳು. ಮೊದಲನೇ ಏಟಿಗೆ ಆಕೆ ಕಾಲು ಬಿಟ್ಟಳು, ಆಮೇಲೆ ತಲೆ ಮುಚ್ಚಿಕೊಂಡಿದ್ದ ಕೈಯ ಮೇಲೆ ಎರಡನೇ ಏಟು ಹೊಡೆದೆ, ಮಣಿಕಟ್ಟು ಮುರಿದದ್ದು ಅದರಿಂದ. ಎರಡನೇ ಏಟು ಬೇಕಾಗಿರಲಿಲ್ಲ, ಯಾರೂ ಹೇಳಲಿಲ್ಲ, ನಾನೇ ಹೊಡೆದೆ. ಬರೆದು ಮುಗಿಸಿದಾಗ ಎದೆ ಹಗುರಾಯಿತು. ಎಷ್ಟು ಹಗುರಾಯಿತೆಂದರೆ, ತನ್ನನ್ನು ಯಾರಾದರೂ ಒಂದು ಮಾತು ಮೆಚ್ಚಲಿ ಅನ್ನಿಸುವಷ್ಟು.

ಬಟ್ಟೆಮನೆಯಾಕೆ ದಿಂಬಿಗೆ ಒರಗಿ ನೋಡುತ್ತಿದ್ದಳು. “ನನ್ನ ಸುದ್ದಿ ತಾನೆ? ಓದಿ ಹೇಳು.”

ಓದಿದಳು. ಪಕ್ಕದ ಹಾಸಿಗೆಯವಳು ನೂಲು ಸುತ್ತುವುದನ್ನು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ ಬಟ್ಟೆಮನೆಯಾಕೆ ತಲೆ ಅಲ್ಲಾಡಿಸಿದಳು, ಒಪ್ಪಿಗೆಗಲ್ಲ.

“ಎರಡಲ್ಲ. ಮೂರು.”

“ಎರಡೇ. ಮೂರು ದಿನದಿಂದ ಬೇರೆ ಕೆಲಸ ಇಲ್ಲ ನನಗೆ, ಅದನ್ನೇ ಎಣಿಸ್ತಿದ್ದೀನಿ.”

“ನೀನು ಎಣಿಸಿದ್ದು ಆಮೇಲೆ. ನಾನು ಆಗಲೇ ಎಣಿಸಿದೆ.” ಆಕೆಯ ದನಿ ಏರಲಿಲ್ಲ, ಬಟ್ಟೆಯ ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. “ಕೈ ಹೋದ ಮೇಲೆ ನಾನು ಮುಂದಕ್ಕೆ ಬಿದ್ದೆ. ಹಣೆ ನೆಲಕ್ಕೆ ತಾಗಿತ್ತು. ಆಗ ಭುಜದ ಮೇಲೆ ಬಿತ್ತು. ನನ್ನ ಕಣ್ಣೆದುರಿಗೆ ಇದ್ದದ್ದು ಕಂದು ಲೇಸು. ಗುರುತು ನೀನೇ ನೋಡಿದ್ದೀಯಲ್ಲ, ರವಿಕೆ ಹಾಕುವಾಗ.”

ನೋಡಿದ್ದಳು. ಎರಡು ದಿನ ನೋಡಿದ್ದಳು.

ಅವಳು ಕಣ್ಣು ಮುಚ್ಚಿ ಹುಡುಕಿದಳು. ಬೆರಳ ಗೆಣ್ಣು ಕಂಡಿತು, ಮಣಿಕಟ್ಟು ಕಂಡಿತು. ಅದರಾಚೆ ಬರೀ ಬಿಸಿಲು, ವ್ಯಾನಿನ ಹಾರನ್ನು. ಮಣಿಕಟ್ಟು ಮುರಿದದ್ದು ಅಂಗೈಗೆ ತಿಳಿದ ಮೇಲೂ ಅದೇ ಅಂಗೈ ಇನ್ನೊಮ್ಮೆ ಮೇಲೆದ್ದಿತೇ? ಎರಡು ಏಟು ಒಪ್ಪಿಕೊಳ್ಳುವುದಕ್ಕೆ ಬೇಕಾದ ಧೈರ್ಯವನ್ನು ಮೂರು ದಿನ ಕೂಡಿಹಾಕಿದ್ದಳು. ಮೂರನೆಯದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ, ನೆನಪು ಕೂಡ.

“ನನಗೆ ನೆನಪಿಲ್ಲ,” ಅಂದಳು.

“ನಿನಗೆ ಯಾಕಿರುತ್ತೆ?” ಅಂದಳು ಬಟ್ಟೆಮನೆಯಾಕೆ. “ಬಿದ್ದದ್ದು ನನಗೆ.”

ಮೆಟ್ಟಿಲ ಮೇಲೆ ರೈಟರ ಕೆಮ್ಮು ಕೇಳಿಸಿತು. ಕುಕ್ಕರಮ್ಮ ಪೆನ್ನು ತೆಗೆದುಕೊಂಡು ಕೊನೆಯ ಸಾಲಿನ ಕೆಳಗೆ ಇನ್ನೊಂದು ಸೇರಿಸಿದಳು. ಆಕೆ ನೆಲಕ್ಕೆ ಬಿದ್ದ ಮೇಲೆ ಬಲ ಭುಜದ ಹಿಂಭಾಗಕ್ಕೆ ಮೂರನೇ ಏಟು ಹೊಡೆದಿದ್ದೇನೆ. ಇದು ನನಗೆ ನೆನಪಿಲ್ಲ, ಏಟು ತಿಂದವರಿಗೆ ನೆನಪಿದೆ, ಗುರುತನ್ನು ನಾನು ನೋಡಿದ್ದೇನೆ. ಸಹಿ ಹಾಕಿದಳು.

ರೈಟರು ನಿಂತಲ್ಲೇ ಓದಿದರು. ನೆನಪಿಲ್ಲದ್ದನ್ನು ತಾನಾಗಿ ಬರೆದು ಕೊಡುವವರನ್ನು ತಮ್ಮ ಸರ್ವೀಸಿನಲ್ಲಿ ಕಂಡಿಲ್ಲ ಅಂದರು. ಹಾಳೆಯನ್ನು ಕಡತಕ್ಕೆ ಸೇರಿಸದೆ ಅವಳ ಕೈಗೇ ಕೊಟ್ಟು, ಇದನ್ನು ಸಾಹೇಬರಿಗೆ ನೀನೇ ಕೊಡು, ನನ್ನ ಕೈಯಿಂದ ಬೇಡ ಅಂತ ಹೊರಟುಹೋದರು.

ನಾಲ್ಕಕ್ಕೆ ಬದಲಿ ಪೇದೆ ಬಂದಳು, ಸಹಿ ಹಾಕಿದ ಐವರಲ್ಲಿ ಒಬ್ಬಳು. ಸುದ್ದಿ ಆಗಲೇ ಮೆಟ್ಟಿಲಿಳಿದು ಅವಳಿಗೆ ತಲುಪಿತ್ತು. ಯಾವಾಗಲೂ ‘ಅಕ್ಕಾ, ಊಟ ಆಯ್ತಾ’ ಅನ್ನುವವಳು ಇವತ್ತು ಸ್ಟೂಲನ್ನು ಹಾಸಿಗೆಯ ಇನ್ನೊಂದು ಬದಿಗೆ ಎಳೆದುಕೊಂಡು ಮುಖ ತಿರುಗಿಸಿ ಕೂತಳು. ಲಾಡಿ ಕಟ್ಟಿಕೊಡಬೇಕು ಅಂತ ಕುಕ್ಕರಮ್ಮ ಹೇಳಿದಾಗ ಫೋನು ತೆಗೆದು ನೋಡತೊಡಗಿದಳು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಫೋನಿನಲ್ಲಿದ್ದರು. ಬೆಂಚಿನ ಮೇಲೆ ಕೂರು ಅಂತ ಹೇಳಿ ಕಳಿಸಿದರು. ಅವಳು ಕೂರದೆ ಬೆಂಚಿನ ಮುಂದೆ ಹತ್ತು ಹೆಜ್ಜೆ ಅಲ್ಲಿ, ಹತ್ತು ಹೆಜ್ಜೆ ಇಲ್ಲಿ ನಡೆದಳು. ಒಳಗೆ ಕರೆದಾಗ ಅವರು ಹಾಳೆಯನ್ನು ಎರಡು ಸಲ ಓದಿದರು. ಅವಳು ಬೈಗುಳಕ್ಕೆ ಸಿದ್ಧವಾಗಿದ್ದಳು, ಅವರು ಬೈಯಲಿಲ್ಲ. ಕುರ್ಚಿ ತೋರಿಸಿದರು. ಮೃದುವಾಗಿ ಮಾತಾಡಿದರು. ಕಾಲು ಹಿಡಿದಳು, ಹೊಡೆದೆ, ಗಾಬರಿಯಲ್ಲಿ ಇನ್ನೊಂದು ಬಿತ್ತು. ಇಷ್ಟಿದ್ದರೆ ಅವರು ಹೇಗೋ ನೋಡಿಕೊಳ್ಳುತ್ತಾರೆ, ಒಂದು ಎಚ್ಚರಿಕೆಯ ಪತ್ರದಲ್ಲಿ ಮುಗಿಯಬಹುದು, ಕಲ್ಲಿನ ಮಾತನ್ನೂ ಬಿಡಿಸೋಣ, ಆಕೆಯ ಕೆಲಸ ಉಳಿಯುತ್ತದೆ. ಆದರೆ ನೆಲಕ್ಕೆ ಬಿದ್ದ ಹೆಂಗಸಿನ ಬೆನ್ನಿಗೆ ಹೊಡೆದೆ ಅಂತ ಬರೆದುಕೊಟ್ಟರೆ ಅದು ಇಲಾಖೆಯ ವಿಚಾರಣೆ, ಸಸ್ಪೆನ್ಶನ್ನು, ಬಹುಶಃ ಅವಳ ಮೇಲೆಯೇ ಕೇಸು. ಪೆನ್ನನ್ನು ಮುಚ್ಚಳ ತೆಗೆದು ಅವಳ ಕಡೆಗೆ ಇಟ್ಟರು.

“ಕೊನೇ ಸಾಲು ಹೊಡೆದುಹಾಕು. ನೆನಪಿಲ್ಲ ಅಂತ ನೀನೇ ಬರೆದಿದ್ದೀಯ.”

ಕುರ್ಚಿಯಲ್ಲಿ ಅವಳ ಕಾಲು ಮತ್ತೆ ಅಲ್ಲಾಡತೊಡಗಿತ್ತು. ಹೆಡ್ ಕಾನ್‌ಸ್ಟೇಬಲ್ ಪಟ್ಟಿ, ಮಗಳ ಕಾಲೇಜು, ಮುಂದಿನ ಹದಿನೈದು ವರ್ಷದ ಬೆಳಗಿನ ಹಾಜರಿ, ಎಲ್ಲ ಆ ಒಂದು ಸಾಲಿನ ಈಚೆಗಿತ್ತು. ಪೆನ್ನನ್ನು ಮುಟ್ಟಿದಳು. ಎತ್ತಿಕೊಂಡಳು. ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

“ತೆಗೆಯೋಕಾಗಲ್ಲ ಸಾರ್.”

“ಯಾಕೆ?”

“ಮೊದಲಿನೆರಡು ನಾನು ಬರೆದದ್ದು. ಅದೊಂದು ಆಕೆ ಬರೆಸಿದ್ದು. ಆಕೆಯನ್ನು ಕೇಳದೆ ತೆಗೆಯೋಕೆ ನಾನ್ಯಾರು?”

ಸಾಹೇಬರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಬೆಲ್ಲು ಒತ್ತಿ ರೈಟರನ್ನು ಕರೆದರು, ಹಾಳೆಯನ್ನು ಇದ್ದ ಹಾಗೇ ಕಡತಕ್ಕೆ ಸೇರಿಸಿ, ತಲುಪಿದ ದಿನ, ಗಂಟೆ ಬರೆದುಕೊಳ್ಳಲು ಹೇಳಿದರು.